ಪರಮಶಿವಪ್ಪನವರನ್ನು ಕೂರಿಸಿದ್ದು

ಶಿಕಾರಿಪುರದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟುಕೊಂಡಿರುವ ಪರಮಶಿವಪ್ಪನವರ ಮೇಲೆ ಯಾರೂ ಬೆರಳು ತೋರಿಸುವಂತಿಲ್ಲ. ತೂಕದಲ್ಲಿ ಮೋಸವಿಲ್ಲ, ಊರ ಉಸಾಬರಿ ಇಲ್ಲ, ಸೋಮವಾರ ತಪ್ಪದೆ ಗುಡಿಗೆ ಹೋಗುತ್ತಾರೆ. ಅವರಿಗಿರುವುದು ಒಂದೇ ಕಾಯಿಲೆ. ಯಾರಾದರೂ ಏನಾದರೂ ಕೇಳಿದರೆ 'ಇಲ್ಲ' ಎನ್ನಲು, 'ಗೊತ್ತಿಲ್ಲ' ಎನ್ನಲು ಅವರ ನಾಲಿಗೆ ಹೊರಳುವುದಿಲ್ಲ. ಹೋದ ವರ್ಷ ಮಗಳು ಗಂಗಾಶ್ರೀಗೆ ಹೊನ್ನಾಳಿ ಕಡೆಯ ಒಳ್ಳೆಯ ಸಂಬಂಧ ಬಂದಿತ್ತು. ಕಾಫಿ ಕುಡಿಯುತ್ತ ಹುಡುಗನ ತಂದೆ, "ತೋಟಕ್ಕೆ ನೀರು ಹೆಂಗ್ರೀ?" ಎಂದು ಸುಮ್ಮನೆ ಕೇಳಿದರು. "ಬೋರಿನ ನೀರು ಆನಿ ಸೊಂಡ್ಲಿನಂಗ ಬೀಳ್ತೈತ್ರಿ" ಎಂದುಬಿಟ್ಟರು ಪರಮಶಿವಪ್ಪ. ಅವರು ಲೋಟ ಕೆಳಗಿಟ್ಟು, "ಹಂಗಾದ್ರ ನಡೀರಿ, ನೋಡಿ ಬರೋಣು" ಎಂದು ಎದ್ದರು. ಬೋರ್‌ವೆಲ್ ಇರಲಿ, ಪರಮಶಿವಪ್ಪನವರಿಗೆ ತೋಟವೇ ಇರಲಿಲ್ಲ.

ಆದ್ದರಿಂದ ಈ ಸಲ ಸೊರಬದ ಸಂಬಂಧ ಬಂದಾಗ ಗಂಗಾಶ್ರೀ ಅಪ್ಪನ ಎದುರಿಗೇ ಬಂದು ನಿಂತಳು. ಅವಳು ಶಿರಾಳಕೊಪ್ಪದ ಶಾಲೆಯಲ್ಲಿ ಟೀಚರು. ಹುಡುಗ ಸಿದ್ಧಲಿಂಗೇಶ್ ಸೊರಬದಲ್ಲಿ ಶುಂಠಿ ತೊಳೆಯುವ ಯಂತ್ರ ಹಾಕಿಕೊಂಡವನು. ಇಬ್ಬರೂ ಬಸ್ಸಿನಲ್ಲಿ ಪರಿಚಯವಾಗಿ, ತಮ್ಮ ಪಾಡಿಗೆ ತಾವು ಎಲ್ಲ ತೀರ್ಮಾನ ಮಾಡಿಕೊಂಡು, ಶಾಸ್ತ್ರಕ್ಕೆ ಮಾತ್ರ ಹಿರಿಯರ ಕೈಗೆ ಕೊಟ್ಟಿದ್ದರು.

"ಅಪ್ಪಾಜಿ, ಹುಡುಗ ನನಗ ಒಪ್ಪಿಗಿ. ಅವರಿಗೂ ನಾನು ಒಪ್ಪಿಗಿ. ಭಾನುವಾರ ಅವರು ಬಂದು ಹೋಗೋತನಕ ನೀವು ಕಮ್ಮಿ ಮಾತಾಡಿದ್ರ ಸಾಕು. ಈ ಸಲ ತಪ್ಪಿದ್ರ ನಾನು ಇನ್ನೊಬ್ಬರ ಮುಂದ ಕಾಫಿ ತಟ್ಟಿ ಹಿಡಕೊಂಡು ಬರಂಗಿಲ್ಲ."

ಪರಮಶಿವಪ್ಪನವರಿಗೆ ಮಗಳೆಂದರೆ ಜೀವ. ಅವಳ ಕಣ್ಣಲ್ಲಿ ನೀರಾಡಿತು. ತುಟಿ ಬಿಚ್ಚುವುದಿಲ್ಲ ಎಂದು ಮಾತು ಕೊಟ್ಟರು. ಕೊಟ್ಟಾಗ ಅದು ನಿಜವೇ ಆಗಿತ್ತು.

ಎಡವಟ್ಟು ಶುರುವಾದದ್ದು ಊಟದ ಟೇಬಲ್ಲಿನಿಂದ. ಸೊರಬದವರು ಹೊಸ ಮನೆ ಕಟ್ಟಿಸಿದ್ದಾರೆ, ಟೇಬಲ್ ಮೇಲೇ ಊಟ ಮಾಡುತ್ತಾರೆ ಎಂಬ ಸುದ್ದಿಯನ್ನು ಹೆಂಡತಿ ನಿರ್ಮಲಮ್ಮ ತಂದಳು. ಅಷ್ಟು ಕೇಳಿದ್ದೇ ತಡ, ಪರಮಶಿವಪ್ಪ ಶಿವಮೊಗ್ಗಕ್ಕೆ ಹೋಗಿ ಟೇಬಲ್ಲೂ ಅದರ ಜೊತೆಗೆ ಆರು ಕುರ್ಚಿಯೂ ಕೊಂಡರು. ಲಗೇಜ್ ಆಟೊ ಸವಳಂಗದ ಹಂಪ್ ಹಾರಿದಾಗ ಒಂದು ಕುರ್ಚಿ ರಸ್ತೆಗೆ ಬಿತ್ತು. ಹಿಂದಿನಿಂದ ಬಂದ ಬಸ್ಸು ಅದನ್ನು ಸೌದೆ ಮಾಡಿತು. ಬೇರೆ ಕುರ್ಚಿ ಬರಲು ತಿಂಗಳಾಗುತ್ತದೆ ಎಂದರು ಅಂಗಡಿಯವರು. ಐದು ಕುರ್ಚಿಯ ಮನೆಗೆ ಮಗಳನ್ನು ಕೇಳಲು ಯಾರು ಬರುತ್ತಾರೆ ಎಂದು ಪರಮಶಿವಪ್ಪನವರಿಗೆ ದಿಗಿಲಾಯಿತು. ಹೋಗಿ ಶಿರಾಳಕೊಪ್ಪ ರಸ್ತೆಯ ಗುಜರಿ ತಿಪ್ಪೇಶನ ಅಂಗಡಿ ಹೊಕ್ಕರು.

ಅಲ್ಲಿ ತಗಡು, ಸೈಕಲ್ ರಿಮ್ಮುಗಳ ಕೆಳಗೆ ಆ ಕುರ್ಚಿ ಇತ್ತು. ಅಪ್ಪಟ ಬೀಟೆ ಮರ, ಎತ್ತರದ ಬೆನ್ನು, ಅಗಲವಾದ ತೋಳು, ಕಾಲಿಗೆ ಹುಲಿಯ ಪಂಜದ ಕೆತ್ತನೆ.

"ಅಣ್ಣಾರ, ದೊರಿಗಳು ಊಟಕ್ಕ ಕೂಡ್ತಿದ್ದ ಕುರ್ಚಿ ಇದು" ಎಂದ ತಿಪ್ಪೇಶ. "ಇದ್ರಾಗ ಒಮ್ಮೆ ಕೂತೋರು ಮತ್ತ ಏಳಂಗಿಲ್ಲ."

"ಎಲ್ಲಿಂದ ಬಂತು?"

"ದೊಡ್ಡ ಮನಿಯಿಂದ. ಹೆಸರು ಹೇಳಂಗಿಲ್ಲ ಅಂತ ಮಾತು ಕೊಟ್ಟೀನಿ."

ಗುಜರಿ ವ್ಯಾಪಾರದಲ್ಲೂ ಇಷ್ಟು ಮಾನಸ್ಥರು ಇರುತ್ತಾರಲ್ಲ ಎಂದು ಪರಮಶಿವಪ್ಪ ಮೆಚ್ಚಿಕೊಂಡು ಕುರ್ಚಿಯನ್ನು ಮನೆಗೆ ತಂದರು.

ಅದನ್ನು ಟೇಬಲ್ಲಿನ ತಲೆಗೆ ಹಾಕಿ ಇನ್ನೂ ಬೆವರು ಒರೆಸಿಕೊಂಡಿಲ್ಲ, ಪಕ್ಕದ ಮನೆಯ ಹುಚ್ಚರಾಯಪ್ಪ ಒಳಗೆ ಬಂದರು. ರಿಟೈರಾದ ಬಸ್ ಕಂಡಕ್ಟರು. ಸೊರಬದ ಸಂಬಂಧ ಕುದುರಿಸಿದವರೂ ಅವರೇ. ಬಸ್ಸಿನಲ್ಲಿ ತಲೆ ಎಣಿಸಿದ ಅಭ್ಯಾಸ. ಕುರ್ಚಿಗಳನ್ನೂ ಎಣಿಸಿದರು.

"ಐದು ಒಂದ ನಮೂನಿ ಅದಾವು. ಇದೊಂದು ಯಾಕ್ರೀ ಅಜ್ಜನಂಗ ಕೂತೈತಿ?"

ಗುಜರಿಯದ್ದು ಎಂದಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಅಜ್ಜಂದಲ್ಲ, ಮುತ್ತಜ್ಜಂದು" ಎಂದರು ಪರಮಶಿವಪ್ಪ.

ಆಡಿದ ಮೇಲೆ ಅದಕ್ಕೊಂದು ಬುಡ, ಬೊಡ್ಡೆ ಬೇಕಲ್ಲ. ಸಂಜೆಯೊಳಗೆ ಬೆಳೆಯಿತು. ಮುತ್ತಜ್ಜನವರು ಸೊರಬದ ಕಾಡಿನಲ್ಲಿ ಡಂಕನ್ ಎಂಬ ಫಾರೆಸ್ಟ್ ದೊರೆಯ ಜೊತೆ ಶಿಕಾರಿಗೆ ಹೋಗಿದ್ದರು. ಹುಲಿ ದೊರೆಯ ಮೇಲೆ ಹಾರಿತು. ಮುತ್ತಜ್ಜ ಹುಲಿಯ ಮೇಲೆ ಹಾರಿದರು. ಮೆಚ್ಚಿದ ದೊರೆ ತಾನು ಊಟಕ್ಕೆ ಕೂರುತ್ತಿದ್ದ ಕುರ್ಚಿಯನ್ನೇ ಎತ್ತಿ ಕೊಟ್ಟು ನೆಲದ ಮೇಲೆ ಕೂತು ಉಂಡ. ಮಾರನೆಯ ದಿನದ ಹೊತ್ತಿಗೆ ಹುಲಿಗಳು ಎರಡಾಗಿದ್ದವು. ಓಣಿಯ ಹೆಂಗಸರು ಬಂದು ಕುರ್ಚಿಯ ಕಾಲಿನ ಪಂಜ ಮುಟ್ಟಿ ನೋಡಿದರು. ಗೊಬ್ಬರಕ್ಕೆ ಬಂದ ರೈತರನ್ನು ಪರಮಶಿವಪ್ಪ ಅಂಗಡಿಯಿಂದ ಕರೆತಂದು ತೋರಿಸಿದರು. ಕಂದಾಯ ಇಲಾಖೆಯ ಚಿಕ್ಕಬೀರಪ್ಪ ಕೂಡ ಬಂದು ಅದರಲ್ಲಿ ಕೂತು ಸೆಲ್ಫಿ ತೆಗೆದುಕೊಂಡರು.

"ಮುತ್ತಜ್ಜನಿಂದ ನಿಮ್ಮತನಕ ಬಂದೈತಿ ಅಂದ್ರ ನಡುವ ಯಾರ್‍ಯಾರ ಹೆಸರಿಗೆ ಇತ್ರೀ? ಪೌತಿ ಖಾತೆ ಏನಾರ ಆಗೈತಾ?" ಎಂದು ಅವರು ತಮ್ಮ ಆಫೀಸಿನ ಭಾಷೆಯಲ್ಲಿ ತಮಾಷೆ ಮಾಡಿದರು. ಸತ್ತವರ ಹೆಸರಿಂದ ಬದುಕಿದವರ ಹೆಸರಿಗೆ ಆಸ್ತಿ ಏರಿಸುವುದಕ್ಕೆ ಹಾಗೆನ್ನುತ್ತಾರೆ.

"ಸತ್ತವರು ಎಲ್ಲ ಇದ್ರಾಗ ಕೂತೋರೇ ಬಿಡ್ರಿ" ಎಂದರು ಪರಮಶಿವಪ್ಪ ಹೆಮ್ಮೆಯಿಂದ. ಅವರ ಬಾಯಿಂದ ಇಷ್ಟು ದೊಡ್ಡ ಸತ್ಯ ಹಿಂದೆಂದೂ ಬಂದಿರಲಿಲ್ಲ. ಆದರೆ ಅದು ಅವರಿಗೇ ಗೊತ್ತಿರಲಿಲ್ಲ.

ನಿರ್ಮಲಮ್ಮನಿಗೆ ಮಾತ್ರ ಕುರ್ಚಿ ಹಿಡಿಸಲಿಲ್ಲ. ಎಷ್ಟು ಒರೆಸಿದರೂ ಕೆತ್ತನೆಯ ಸಂದಿಯಿಂದ ಬಿಳಿ ಪುಡಿ ಬರುತ್ತಿತ್ತು. "ಅದು ಆ ಕಾಲದ ಪಾಲೀಶು" ಎಂದರು ಪರಮಶಿವಪ್ಪ. ಬೆನ್ನಿನ ಹಲಗೆಯಲ್ಲಿ ಕುತ್ತಿಗೆಯ ಮಟ್ಟಕ್ಕೆ ಎರಡು ತೂತುಗಳಿದ್ದವು. "ದೊರಿಗಳು ಉಣ್ಣುವಾಗ ಅಂಗಿ ಕೆಡಬಾರದು ಅಂತ ಕೊರಳಿಗೆ ಬಟ್ಟಿ ಕಟ್ಟತಿದ್ರು" ಎಂದು, ತಾವೂ ಒಂದು ಟವೆಲನ್ನು ಆ ತೂತುಗಳಲ್ಲಿ ತೂರಿಸಿ, ಕೊರಳಿಗೆ ಗಂಟು ಹಾಕಿಕೊಂಡು ವಾರವಿಡೀ ಊಟ ಮಾಡಿದರು.

ಶನಿವಾರ ಬಂತು. ಬೀಗರು ಬರುವುದು ನಾಳೆ. ಗಂಗಾಶ್ರೀ ಪರೀಕ್ಷೆ ಡ್ಯೂಟಿಗೆಂದು ಬೆಳಿಗ್ಗೆಯೇ ಶಿರಾಳಕೊಪ್ಪಕ್ಕೆ ಹೋಗಿದ್ದಳು. ಅದೇ ದಿನ ಬೀಜದ ಕಂಪನಿಯವರು ಪರಮಶಿವಪ್ಪನವರಿಗೆ ಒಂದು ಸನ್ಮಾನ ಮಾಡಿ, ಶಾಲು ಹೊದಿಸಿ, ಪೇಟ ಇಟ್ಟು, ಮಂಡಿಯವರೆಗೆ ಬರುವ ಚೆಂಡುಹೂವಿನ ಹಾರ ಹಾಕಿ ಕಳಿಸಿದರು. ಅಷ್ಟು ಅಲಂಕಾರ ಸುಮ್ಮನೆ ಬಿಚ್ಚುವುದೆಂದರೆ ಯಾರಿಗೆ ಮನಸ್ಸು ಬರುತ್ತದೆ? ಹಾಗೇ ಬಂದು ಕುರ್ಚಿಯಲ್ಲಿ ಕೂತು, ಹಣೆಗೆ ಮೂರು ಬೆರಳ ವಿಭೂತಿ ಎಳೆದುಕೊಂಡು, ಬೆನ್ನು ನೇರ ಮಾಡಿ, "ಒಂದು ಫೋಟೋ ತಗಿ" ಎಂದು ನಿರ್ಮಲಮ್ಮನ ಕೈಗೆ ಫೋನ್ ಕೊಟ್ಟರು. ಅವಳು ಒತ್ತಿದ್ದಕ್ಕೂ ಇವರು ಕಣ್ಣು ಮುಚ್ಚಿದ್ದಕ್ಕೂ ಸರಿಹೋಯಿತು.

"ಯಾಕೋ ನೋಡಿದ್ರ ಎದಿ ಧಸಕ್ ಅಂತೈತ್ರಿ. ಇನ್ನೊಂದು ತಗೀಲಾ?" ಎಂದಳು ನಿರ್ಮಲಮ್ಮ.

"ರಾಜಕಳೆ ಅಂದ್ರ ಹಂಗ" ಎಂದು ಪರಮಶಿವಪ್ಪ ಕನ್ನಡಕವಿಲ್ಲದ ಕಣ್ಣಿಗೆ ಕಂಡಷ್ಟು ನೋಡಿ, ಸೊರಬದ ಬೀಗ ರೇವಣಸಿದ್ದಪ್ಪನವರಿಗೆ ಕಳಿಸಿಯೇಬಿಟ್ಟರು. ಮಗಳಿಗೆ ಕೊಟ್ಟ ಮಾತು ನೆನಪಿತ್ತು. ಆದರೆ ಅದು ಮಾತಾಡುವುದರ ಬಗ್ಗೆ. ಬರೆಯುವುದರ ಬಗ್ಗೆ ಅವಳು ಏನೂ ಹೇಳಿರಲಿಲ್ಲ. ಫೋಟೋದ ಕೆಳಗೆ ಗಂಭೀರವಾಗಿ ಬರೆದರು: 'ಶ್ರೀ ಪರಮಶಿವಪ್ಪನವರು, ಹಿರಿಯರ ಸ್ಥಾನದಲ್ಲಿ.' ಆಮೇಲೆ ಫೋನನ್ನು ಒಳಗೆ ಚಾರ್ಜಿಗೆ ಹಾಕಿ, ಊಟ ಮಾಡಿ, ಹಾರ ಮೊಳೆಗೆ ತೂಗುಹಾಕಿ, ಕುರ್ಚಿಯಲ್ಲೇ ನಿದ್ದೆ ಹೋದರು.

ನಮ್ಮ ಕಡೆ ಲಿಂಗಾಯತರ ಮನೆಗಳಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಪೇಟ ಸುತ್ತಿ, ಹಾರ ಹಾಕಿ, ತಲೆ ವಾಲದ ಹಾಗೆ ಕಟ್ಟಿ, ಬಂದವರು ಕೊನೆಯ ದರ್ಶನ ಮಾಡುವವರೆಗೆ ಹಾಗೇ ಕೂರಿಸಿರುತ್ತಾರೆ. ಕೆಲವರು ಗೋಡೆಗೆ ಒರಗಿಸಿ ಕೂರಿಸುತ್ತಾರೆ, ಕೆಲವರು ಕುರ್ಚಿಯಲ್ಲಿ. 'ಕೂರಿಸಿದ್ದಾರಂತೆ' ಎಂದರೆ ಸಾಕು, ಮುಂದೆ ಯಾರೂ ಏನೂ ಕೇಳುವುದಿಲ್ಲ. ಪರಮಶಿವಪ್ಪನವರಿಗೂ ಇದು ಗೊತ್ತಿದ್ದದ್ದೇ. ತಮ್ಮನ್ನೇ ಕೂರಿಸಿದ ಹಾಗೆ ಕಾಣಬಹುದು ಎಂಬುದೊಂದು ಹೊಳೆಯಲಿಲ್ಲ.

ಸೊರಬದಲ್ಲಿ ಫೋಟೋ ತೆರೆದ ರೇವಣಸಿದ್ದಪ್ಪನವರ ಮುಖ ಬಿಳಿಚಿಕೊಂಡಿತು. 'ಪರಮಶಿವಪ್ಪನವರನ್ನ ಕೂರ್ಸಿದಾರೆ' ಎಂದಷ್ಟೇ ಹೇಳಿ ಫೋನನ್ನು ಥಟ್ಟನೆ ಮಗುಚಿ ಇಟ್ಟರು. ದುಃಖ ತಡೆಯಲಿಲ್ಲ ಎಂದು ಮನೆಯವರೆಲ್ಲ ತಿಳಿದರು. ಪರಮಶಿವಪ್ಪನವರಿಗೆ ಫೋನ್ ಮಾಡಿದರೆ ರಿಂಗಾಗಿ ರಿಂಗಾಗಿ ನಿಂತಿತು. ಸಿದ್ಧಲಿಂಗೇಶ್ ಗಂಗಾಶ್ರೀಗೆ ಮಾಡಿದ. ಪರೀಕ್ಷೆ ಕೊಠಡಿಯಲ್ಲಿದ್ದ ಅವಳ ಫೋನ್ ಸ್ವಿಚ್ ಆಫ್. ಅಪ್ಪನನ್ನು ಕಳಕೊಂಡ ಹುಡುಗಿ ಫೋನ್ ಎಲ್ಲಿ ಎತ್ತುತ್ತಾಳೆ ಎಂದು ಅವನು ಅತ್ತುಬಿಟ್ಟ. ಕೊನೆಗೆ ಅವನ ಅಜ್ಜಿ ಬಸವಣ್ಣೆಮ್ಮನವರು ಫೋನ್ ಇಸಿದುಕೊಂಡು ತಾವೇ ಹುಚ್ಚರಾಯಪ್ಪನವರನ್ನು ಹಿಡಿದರು.

"ಹುಚ್ಚರಾಯಪ್ಪಾ, ಪರಮಶಿವಪ್ಪೋರನ್ನ ಕೂರ್ಸಿದಾರಂತಲ್ಲ, ಹೌದನಾ?"

ಹುಚ್ಚರಾಯಪ್ಪನವರಿಗೆ ಆ ಕುರ್ಚಿಯ ಪುರಾಣ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿತ್ತು. "ಸುದ್ದಿ ಸೊರಬಕ್ಕೂ ಬಂತಾ ಅಮ್ಮಾರ? ಹೌದ್ರಿ, ಮಧ್ಯಾಹ್ನದಿಂದ ಕೂತಾರ. ಇನ್ನ ಏಳಂಗ ಕಾಣಂಗಿಲ್ಲ."

"ಅಯ್ಯೋ ಶಿವನೇ! ಏನಾಗಿತ್ತು ಮಾರಾಯ?"

"ಏನಾಗಬೇಕ್ರೀ, ಒಂದು ವಾರದಿಂದ ಇದ ಆಗೈತಿ. ಇವತ್ತು ಹಾರ ಬ್ಯಾರೆ ಹಾಕ್ಯಾರ. ಓಣಿಯೋರೆಲ್ಲ ಬಂದು ನೋಡಿ ಹೋದ್ರು."

"ಯಾವಾಗ ಎತ್ತುತಾರೆ?"

"ಅವರನ್ನ ಯಾರು ಎತ್ತತಾರ್ರೀ! ನಾಕು ಮಂದಿ ಬೇಕು. ನೀವ ಬಂದು ಎತ್ತಬೇಕು."

"ನಿರ್ಮಲಮ್ಮ ಹೆಂಗಿದಾಳೆ ಪಾಪ?"

"ಆಕಿಗೇನು, ಹೋಳಿಗಿ ಹೂರಣ ರುಬ್ಬಾಕತ್ತಾಳ."

ಬಸವಣ್ಣೆಮ್ಮನವರು ಫೋನ್ ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೆಂಡ್ತಿಗೆ ತಲೆ ಕೆಟ್ಟಂಗಿದೆ. ಗಾಡಿ ತೆಗೀರೋ."

ಪರಮಶಿವಪ್ಪನವರಿಗೆ ಕನಸು ಬೀಳುತ್ತಿತ್ತು. ಯಾವುದೋ ಸಭೆ, ಸಾವಿರ ಜನ, ವೇದಿಕೆಯ ನಡುವೆ ಇವರು. ಕೊರಳಿಗೆ ತಣ್ಣಗೆ ಹಾರ ಬಿತ್ತು. ಇನ್ನೊಂದು ಬಿತ್ತು. ಹಣೆಯ ಮೇಲೆ ಯಾರದೋ ಬೆರಳು ವಿಭೂತಿ ಎಳೆಯಿತು. 'ಓಂ ನಮಃ ಶಿವಾಯ' ಎಂದು ಜನ ಒಕ್ಕೊರಲಿಂದ ಹೇಳತೊಡಗಿದರು. ಕನಸಿಗೆ ಊದುಬತ್ತಿಯ ವಾಸನೆ ಎಲ್ಲಿಂದ ಬಂತು ಎಂದು ಕಣ್ಣು ಅರ್ಧ ತೆರೆದರು. ಎದುರಿಗೆ ಸೊರಬದ ಬೀಗರು, ಬಿಳಿ ಅಂಗಿಯಲ್ಲಿ. ಒಂದು ದಿನ ಮೊದಲೇ ಬಂದು ಸನ್ಮಾನ ಮಾಡುತ್ತಿದ್ದಾರೆ! ಪರಮಶಿವಪ್ಪನವರ ಎದೆ ತುಂಬಿ ಬಂತು.

"ಇದೆಲ್ಲ ಯಾಕ ಬೀಗರ" ಎಂದು ಎರಡು ಕೈ ಎತ್ತಿ ಮುಗಿದರು.

ಆಮೇಲೆ ನಡೆದದ್ದನ್ನು ಶಿಕಾರಿಪುರದ ಆ ಓಣಿ ಇವತ್ತಿಗೂ ಹೇಳುತ್ತದೆ. ಬೀಗಿತ್ತಿ ಕಿರುಚಿ ಅಡುಗೆಮನೆಗೆ ಓಡಿ, ರುಬ್ಬುವ ಸದ್ದಿನಲ್ಲಿ ಯಾರು ಬಂದದ್ದೂ ಗೊತ್ತಾಗದ ನಿರ್ಮಲಮ್ಮನ ಹೂರಣದ ಪಾತ್ರೆಯ ಪಕ್ಕದಲ್ಲೇ ಕುಸಿದು ಕೂತಳು. ಟೆಂಪೊದಲ್ಲಿ ಬಂದಿದ್ದ ನೆಂಟರು ಒಬ್ಬರ ಮೇಲೊಬ್ಬರು ಬಿದ್ದು ಬಾಗಿಲಿಗೆ ಓಡಿದರು. ರೇವಣಸಿದ್ದಪ್ಪನವರು ಚಪ್ಪಲಿಗಳ ರಾಶಿಯ ಮೇಲೆ ಜಾರಿದರು. ಕಟ್ಟೆಯ ಮೇಲಿದ್ದ ಹುಚ್ಚರಾಯಪ್ಪ, "ಎದ್ರಾ? ಯಾರು ಎಬ್ಬಿಸಿದ್ರಿ?" ಎನ್ನುತ್ತ ಒಳಗೆ ಓಡಿ ಬಂದರು. ಅಲುಗಾಡದೆ ನಿಂತಿದ್ದವರು ಬಸವಣ್ಣೆಮ್ಮ ಒಬ್ಬರೇ. ಅವರು ಪರಮಶಿವಪ್ಪನವರ ಮೂಗಿನ ಕೆಳಗೆ ಬೆರಳು ಹಿಡಿದು ಉಸಿರು ನೋಡಿದರು.

"ಜೀವ ಇದೆ. ಬದುಕಿರೋನು ಇದ್ರಲ್ಲಿ ಯಾಕೆ ಕೂತಿದೀಯ ಮಾರಾಯ?"

"ಇದು... ಊಟದ ಕುರ್ಚಿ ಅಜ್ಜಿ" ಎಂದರು ಪರಮಶಿವಪ್ಪ. 

ನೀರು ಬಂತು, ಬೀಸಣಿಗೆ ಬಂತು, ಓಡಿದವರು ಒಬ್ಬೊಬ್ಬರಾಗಿ ವಾಪಸು ಬಂದರು. ಫೋಟೋ ಎಲ್ಲರ ಕೈಯಿಂದ ಕೈಗೆ ಓಡಾಡಿತು. ಕನ್ನಡಕ ಹಾಕಿಕೊಂಡು ನೋಡಿದ ಪರಮಶಿವಪ್ಪನವರಿಗೇ ಅಳು ಬಂತು, ಅಷ್ಟು ಚೆನ್ನಾಗಿ ಸತ್ತಿದ್ದರು. ಅಷ್ಟರಲ್ಲಿ ಬಸವಣ್ಣೆಮ್ಮನವರು ಕುರ್ಚಿಯ ಸುತ್ತ ಒಂದು ಸುತ್ತು ಬಂದಿದ್ದರು. ತೋಳು ಸವರಿದರು. ಬೆನ್ನಿನ ತೂತುಗಳಲ್ಲಿ ಬೆರಳು ತೂರಿಸಿದರು. ಸಂದಿಯ ಬಿಳಿ ಪುಡಿಯನ್ನು ಉಗುರಿನಿಂದ ಕೆರೆದು ಮೂಸಿದರು.

"ವಿಭೂತಿ" ಎಂದರು. "ಇದು ನಮ್ಮನೆ ಕುರ್ಚಿ."

"ಅವ್ವ, ಹೋಗ್ಲಿ ಬಿಡು, ಹೊತ್ತಾತು, ಹೋಗಣ" ಎಂದರು ರೇವಣಸಿದ್ದಪ್ಪ ತಟ್ಟನೆ.

"ಸುಮ್ನಿರೋ. ನಿಮ್ಮಪ್ಪನ್ನ ಕೂರ್ಸಿದ ಕುರ್ಚಿ ನಂಗೆ ಗುರ್ತು ಸಿಗಲ್ವಾ?"

 ಬಸವಣ್ಣೆಮ್ಮ ಹೇಳುತ್ತ ಹೋದರು.

"ನಾನು ಮದುವೆಯಾಗಿ ಬಂದ ವರ್ಷ ನಮ್ಮ ಮಾವನೋರು ಇದನ್ನ ಫಾರೆಸ್ಟ್ ಬಂಗ್ಲೆ ಹರಾಜಲ್ಲಿ ತಂದ್ರು. ದೊರೆ ಊಟಕ್ಕೆ ಕೂರ್ತಿದ್ದ ಕುರ್ಚಿ, ನಾನೂ ಇದ್ರಲ್ಲೇ ಕೂತು ಉಣ್ತೀನಿ ಅಂತ. ನಮ್ಮನೇಲಿ ಟೇಬಲ್ ಎಲ್ಲಿತ್ತು? ಗಂಗಾಳ ತೊಡೆ ಮೇಲೆ ಇಟ್ಕಂಡ್ರು. ಸಾರೆಲ್ಲ ಪಂಚೆ ಮೇಲೆ ಚೆಲ್ತು. ನಮ್ಮತ್ತೆ ನಕ್ಕುಬಿಟ್ರು. ಅವತ್ತಿಂದ ಆ ಮನುಷ್ಯ ಕುರ್ಚಿ ಮುಟ್ಟಲಿಲ್ಲ. ಆಮೇಲೆ ಅದ್ರಲ್ಲಿ ಕೂತಿದ್ದು ತೀರ್ಕಂಡ ದಿನವೇ. ಎಷ್ಟು ಚೆಂದ ಕೂತಿದ್ರು ಅಂದ್ರೆ, ಮುಂದೆ ನಮ್ಮ ಕೇರೀಲಿ ಯಾರು ಹೋದ್ರೂ ಬಂದು ಕುರ್ಚಿ ಒಯ್ಯೋರು. ಈ ತೂತು ಬಡಗಿ ಕೈಲಿ ನಾವೇ ಹಾಕ್ಸಿದ್ದು. ಕುತ್ತಿಗೆ ವಾಲ್ಬಾರದಲ್ಲ, ಪಂಚೆ ಕಟ್ಟಕ್ಕೆ."

ಪರಮಶಿವಪ್ಪನವರ ಕೈ ತಾನಾಗಿ ಕೊರಳಿಗೆ ಹೋಯಿತು. ಟವೆಲು ಇನ್ನೂ ಅಲ್ಲೇ ಇತ್ತು. ಅವರು ಗಂಟು ಬಿಚ್ಚಲು ಹೋಗಿ ಇನ್ನಷ್ಟು ಬಿಗಿ ಮಾಡಿಕೊಂಡರು. ಹುಚ್ಚರಾಯಪ್ಪ ಬಂದು ಬಿಡಿಸಿದರು. ಸೆಲ್ಫಿ ತೆಗೆದುಕೊಂಡಿದ್ದ ಚಿಕ್ಕಬೀರಪ್ಪ ಈ ಸುದ್ದಿ ಕೇಳಿ ಎರಡು ದಿನ ರಜೆ ಹಾಕಿದರಂತೆ. ಅದು ಆಮೇಲಿನ ಮಾತು.

"ನಂಗೂ ಇದೇ ಅಂತ ಇಟ್ಕಂಡಿದ್ದೆ" ಎಂದರು ಬಸವಣ್ಣೆಮ್ಮ.  "ನಮ್ಮ ಯಜಮಾನ್ರು ಕೂತಿದ್ದ ಜಾಗದಲ್ಲಿ ನಾನೂ ಕೂತು ಹೋಗ್ಬೇಕು ಅಂತ. ಹೋದ ವರ್ಷ ಗೃಹಪ್ರವೇಶದ ಗಲಾಟೇಲಿ ಕಳ್ಳರು ಹೊತ್ಕಂಡು ಹೋದ್ರು ಅಂದ ನನ್ನ ಮಗ. ಎಷ್ಟು ದಿನ ಅತ್ತಿದೀನಿ. ಈಗ ಹೇಳು ಪರಮಶಿವಪ್ಪ, ನಮ್ಮ ಕುರ್ಚಿ ನಿಮ್ಮನೆಗೆ ಹೆಂಗೆ ಬಂತು?"

ಟೆಂಪೊ ತುಂಬ ಬಂದಿದ್ದ ಕಣ್ಣುಗಳೆಲ್ಲ ಪರಮಶಿವಪ್ಪನವರ ಮೇಲೆ ನೆಟ್ಟವು. ಹುಚ್ಚರಾಯಪ್ಪನವರಂತೂ ಎರಡು ಹುಲಿಗಳ ಲೆಕ್ಕ ಕೇಳುವವರ ಹಾಗೆ ನೋಡುತ್ತಿದ್ದರು.

ಸರಿಯಾಗಿ ಆ ಹೊತ್ತಿಗೆ ಗಂಗಾಶ್ರೀ ಬಸ್ಸಿಳಿದು ಬಂದಳು. ಬಾಗಿಲ ತುಂಬ ಚಪ್ಪಲಿ. ಒಳಗೆ ಊದುಬತ್ತಿ. ಕುರ್ಚಿಯಲ್ಲಿ ಹಾರಗಳ ನಡುವೆ ಅಪ್ಪ. ಅವಳ ಕೈಯಿಂದ ಬ್ಯಾಗು ಜಾರಿ ಬಿತ್ತು.

"ಗಂಗಾ, ಹೆದರಬ್ಯಾಡ, ನಾನು ಬದುಕೀನಿ" ಎಂದು ಕೂಗಿದರು ಪರಮಶಿವಪ್ಪ.

ಅವಳು ಚಪ್ಪಲಿಗಳನ್ನು ದಾಟಿ ಒಳಗೆ ಬಂದಳು. ಸೊರಬದವರನ್ನು ನೋಡಿದಳು, ಮೂಲೆಯಲ್ಲಿ ಕಣ್ಣು ಕೆಂಪಗಾಗಿ ನಿಂತ ಸಿದ್ಧಲಿಂಗೇಶನನ್ನು ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು:

"ಏನು ಹೇಳಿದ್ರಿ ಅಪ್ಪಾಜಿ?"

ಪರಮಶಿವಪ್ಪನವರ ನಾಲಿಗೆಯ ತುದಿಗೆ ಎರಡು ಮೂರು ಸುಳ್ಳುಗಳು ಆಗಲೇ ಬಂದು ಸಾಲಾಗಿ ನಿಂತಿದ್ದವು. ಮುತ್ತಜ್ಜ ಸೊರಬದವರಿಗೆ ಎರವಲು ಕೊಟ್ಟಿದ್ದ ಎನ್ನಬಹುದು. ದೊರೆಯ ಹತ್ತಿರ ಇಂಥವು ಎರಡಿದ್ದವು ಎನ್ನಬಹುದು. ಎಲ್ಲವೂ ಒಳ್ಳೆಯ ಸುಳ್ಳು, ನಿಲ್ಲುವಂಥವು. ಆದರೆ ಮಗಳು ಎದುರಿಗಿದ್ದಳು. ಅವಳಿಗೆ ಸಿಟ್ಟು ಬಂದಿದ್ದರೆ ಹೇಗೋ ತಡೆಯುತ್ತಿದ್ದರು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವಳ ಸುಸ್ತು ಇತ್ತು. ಪರಮಶಿವಪ್ಪನವರಿಗೆ ನಿಜವಾಗಿ ನಾಚಿಕೆಯಾಯಿತು.

"ನಮ್ಮ ಮುತ್ತಜ್ಜ ಯಾರು ಅಂತ ನನಗ ಗೊತ್ತಿಲ್ಲ ಅಜ್ಜಿ" ಎಂದರು. "ಹುಲಿನೂ ಇಲ್ಲ, ದೊರಿನೂ ಇಲ್ಲ. ಒಂದು ಕುರ್ಚಿ ಕಮ್ಮಿ ಬಿದ್ದಿತ್ತು, ನಿಮ್ಮ ಮುಂದ ಸಣ್ಣಾವ ಆಗ್ತೀನಿ ಅಂತ ಗುಜರಿಯಾಗ ತಂದೆ. ಕದ್ದಿಲ್ಲ. ನನ್ನ ಮಗಳ ಆಣಿ."

"ಗುಜರಿಯಾಗ ತಂದಿದ್ದು ಅಂತ ಏನು ಸಾಕ್ಷಿ?" ಎಂದರು ಹುಚ್ಚರಾಯಪ್ಪ. ಅವರಿಗೆ ಹುಲಿಗಳು ಹೋದದ್ದು ಬೇಜಾರಾಗಿತ್ತು.

ಪರಮಶಿವಪ್ಪ ಒಳಗಿಂದ ಫೋನ್ ತಂದು, ತಿಪ್ಪೇಶನಿಗೆ ಹಚ್ಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿಗೆ ಹಾಕಿದರು.

"ತಿಪ್ಪೇಶಾ, ಆ ಬೀಟಿ ಕುರ್ಚಿ ನಿನಗ ಯಾರು ಕೊಟ್ರು? ಖರೆ ಹೇಳು."

"ಹೆಸರು ಹೇಳಂಗಿಲ್ಲ ಅಂತ ಮಾತು ಕೊಟ್ಟೀನಲ್ಲ ಅಣ್ಣಾರ."

"ಪೊಲೀಸರು ಕೇಳಿದ್ರ ಹೇಳ್ತೀಯಿಲ್ಲ?"

"ಏ, ಪೊಲೀಸ್ ಯಾಕ್ರೀ! ಕಳುವಿನ ಮಾಲು ನಾ ಮುಟ್ಟಂಗಿಲ್ಲ."

ಈ ಪೊಲೀಸ್ ಮಾತು ಕೇಳಿ ರೇವಣಸಿದ್ದಪ್ಪನವರಿಗೆ ತಡೆಯಲಾಗಲಿಲ್ಲ. "ಪೊಲೀಸು ಗಿಲೀಸು ಏನೂ ಬೇಡ, ಫೋನ್ ಇಡಿ ಬೀಗರೇ!" ಎಂದು ಕೂಗಿದರು.

"ಹಾ, ಅವರ ನೋಡ್ರಿ!" ಎಂದ ತಿಪ್ಪೇಶ ಸಂತೋಷದಿಂದ. "ಅಣ್ಣಾರು ನಿಮ್ಮ ಹತ್ರನ ಅದಾರ? ರೇವಣಪ್ಪಣ್ಣ, ನಾನಾಗೇ ನಿಮ್ಮ ಹೆಸರು ಹೇಳಿಲ್ರೀ ಮತ್ತ!"

ಇಷ್ಟು ಹೊತ್ತು ಸತ್ತವನು ಎದ್ದದ್ದಕ್ಕೆ ಬೆಚ್ಚಿದ್ದ ಜನ ಈಗ ಬದುಕಿದ್ದವರೊಬ್ಬರು ನಿಂತಲ್ಲೇ ಹೆಣವಾದದ್ದನ್ನು ನೋಡಿದರು. ರೇವಣಸಿದ್ದಪ್ಪನವರ ಬಾಯಿ ತೆರೆದೇ ಇತ್ತು. ಮಗ ಸಿದ್ಧಲಿಂಗೇಶ್ ಅಪ್ಪನನ್ನೇ ನೋಡುತ್ತಿದ್ದ. ಒಂದು ಕ್ಷಣ ಅವರು, "ಏಳ್ರಿ, ಈ ಸಂಬಂಧವೇ ಬೇಡ, ನಡೀರಿ" ಎಂದು ಬಾಗಿಲ ಕಡೆ ತಿರುಗಿದರು. ಗಂಗಾಶ್ರೀ ಕಣ್ಣು ಮುಚ್ಚಿಕೊಂಡಳು.

"ಕೂತ್ಕೊಳ್ಳೋ" ಎಂದರು ಬಸವಣ್ಣೆಮ್ಮ. ಅವರು ಗದರಿಸಲಿಲ್ಲ. "ನೀನೇ ಮಾರಿದ್ಯಾ?"

ರೇವಣಸಿದ್ದಪ್ಪನವರು ಹೊಸ ಕುರ್ಚಿಯೊಂದರ ತುದಿಯಲ್ಲಿ ಕೂತರು. "ಹೊಸ ಮನೆ ಹಾಲಲ್ಲೇ ಇಡ್ಬೇಕು ಅಂದೆ ನೀನು. ಗೃಹಪ್ರವೇಶಕ್ಕೆ ಬಂದೋರು ಅದನ್ನ ನೋಡಿ ಬಾಗಿಲಲ್ಲೇ ನಿಂತ್ರು ಅವ್ವ. ಅದಕ್ಕೇ ಮಾರ್ದೆ ಅಂತ ಇಟ್ಕ."  ಆಮೇಲೆ ಅಷ್ಟು ಜನರ ಎದುರಿಗೆ, ದೊಡ್ಡ ಮನುಷ್ಯರು, ಚಿಕ್ಕ ಹುಡುಗನ ಹಾಗೆ ಅತ್ತರು. "ದಿನಾ ಬೆಳಿಗ್ಗೆ ನೀನು ಅದನ್ನ ಒರೆಸೋದು, ನನ್ನನ್ನ ಇದ್ರಲ್ಲಿ ಕೂರ್ಸು ಅನ್ನೋದು. ಎದ್ದರೆ ಅದೇ ಖಾಲಿ ಕುರ್ಚಿ, ಊಟಕ್ಕೆ ಕೂತ್ರೂ ಅದೇ. ನಿನಗೆ ಕಾಯ್ತಾ ಕೂತಂಗೆ ಕಾಣೋದು. ನಂಗೆ ಅನ್ನ ಸೇರ್ತಿರ್ಲಿಲ್ಲ ಅವ್ವ."

  ಪರಮಶಿವಪ್ಪನವರು ಕೊರಳಿನ ಹಾರ ತೆಗೆಯಲು ಹೋದರು.

"ತೆಗೀಬೇಡ" ಎಂದರು ಬಸವಣ್ಣೆಮ್ಮ. "ಬೀಗನಿಗೆ ಹಾಕಿದ ಹಾರ ವಾಪಸ್ ತಗಳಲ್ಲ. ನಾಳೆ ಮತ್ತೆ ಇಷ್ಟು ಜನ ಬರಕ್ಕೆ ಡೀಸೆಲ್ ಯಾರು ಹಾಕ್ತಾರೆ? ಮಾತು ಇವತ್ತೇ ಮುಗೀಲಿ. ಇಬ್ಬರು ಸುಳ್ಳರ ಮಕ್ಕಳು, ಜೋಡಿ ಸರಿಯಾಗಿದೆ. ಕುರ್ಚಿ ನಮ್ಮನೆಗೆ ಬರ್ಲಿ, ಹಿಂದೆನೇ ಹುಡುಗೀನೂ ಬರ್ಲಿ. ನಿರ್ಮಲಾ, ಹೂರಣ ಆಗಿದೆಯೇನೇ? ಮಧ್ಯಾಹ್ನದಿಂದ ನಿನ್ನ ಗಂಡನಿಗೆ ಅತ್ತು ಅತ್ತು ಹಸಿವಾಗಿದೆ."

ಗಂಗಾಶ್ರೀ ಬಿದ್ದ ಬ್ಯಾಗನ್ನು ಎತ್ತಿಕೊಳ್ಳುವ ನೆವದಲ್ಲಿ ಬಗ್ಗಿ ಕಣ್ಣೊರೆಸಿಕೊಂಡಳು. ಸಿದ್ಧಲಿಂಗೇಶ್ ಎಲೆ ಹಾಕಲು ತಾನೇ ಮುಂದೆ ಬಂದ. ಟೇಬಲ್ಲಿನ ಐದು ಹೊಸ ಕುರ್ಚಿ ಒಂದೇ ಉಸಿರಿಗೆ ತುಂಬಿದವು, ಉಳಿದವರು ನೆಲದ ಮೇಲೆ ಸಾಲಾಗಿ ಕೂತರು. ಬೀಟೆಯ ಕುರ್ಚಿಯ ಹತ್ತಿರ ಮಾತ್ರ ಯಾರೂ ಸುಳಿಯಲಿಲ್ಲ. ಪರಮಶಿವಪ್ಪ ಗೋಡೆಗೆ ಒರಗಿ ನಿಂತಿದ್ದರು, ಇನ್ನು ಜನ್ಮದಲ್ಲಿ ಯಾವ ಕುರ್ಚಿಯಲ್ಲೂ ಕೂರದವರ ಹಾಗೆ.

ಬಸವಣ್ಣೆಮ್ಮನವರು ಸೀರೆ ಸರಿಮಾಡಿಕೊಂಡು ಹೋಗಿ ಅದರಲ್ಲಿ ಕೂತರು.

"ಅವ್ವಾ!" ಎಂದು ರೇವಣಸಿದ್ದಪ್ಪ ಅರ್ಧ ಎದ್ದರು. ಇಡೀ ಪಂಕ್ತಿ ತುತ್ತು ಎತ್ತಿದ್ದು ಹಾಗೇ ನಿಂತಿತು.

ಅಜ್ಜಿ ತೋಳುಗಳ ಮೇಲೆ ಕೈ ಇಟ್ಟು, ಬೆನ್ನು ಒರಗಿಸಿ, ಒಮ್ಮೆ ಮೈ ಅಲುಗಿಸಿ ನೋಡಿಕೊಂಡರು. ಹೋಳಿಗೆ ಮುರಿದು, ತುಪ್ಪದಲ್ಲಿ ಅದ್ದಿ, ಬಾಯಿಗಿಟ್ಟರು. ನಿಧಾನವಾಗಿ ಅಗಿದರು. ಎರಡನೇ ತುತ್ತಿಗೆ ಅವರ ಕಣ್ಣು ತುಂಬಿದವು.

"ಇಷ್ಟು ಆರಾಮ ಇದೆ ಅಂತ ಗೊತ್ತಿದ್ರೆ, ನಿಮ್ಮಪ್ಪನ್ನ ಜೀವ ಇದ್ದಾಗ್ಲೇ ಒಂದಿನ ಕೂರ್ಸಿ ಉಣಿಸ್ತಿದ್ನಲ್ಲೋ" ಎಂದರು.

ರೇವಣಸಿದ್ದಪ್ಪನವರು ಎದ್ದು ಬಂದು ಅವ್ವನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿದರು.